ಬಳೆಗೆ ಅಳತೆ ಇದ್ದರೆ ಪಿಸ್ತೂಲಿಗೂ ಇದೆ

(ಕಾಚಿಗೂಡದಲ್ಲಿ ನಡೆದ ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಕಾಚಿಗೂಡ ಎಂದರೆ ನಮಗೆಲ್ಲ ಸಾಹಿತ್ಯ ಮಂದಿರ ನೆನಪಾಗುತ್ತದೆ. ಇಲ್ಲಿ ಪುಸ್ತಕದ ಮಾತು, ನಾಟಕದ ಮಾತು, ಹಬ್ಬದ ಅಡುಗೆಯ ಮಾತು ಸಹಜ. ಪಿಸ್ತೂಲಿನ ಮಾತು ಸ್ವಲ್ಪ ಹೊಸದು. ವಿಷಯ ಹೇಳಿದಾಗ ನಮ್ಮ ಕಾರ್ಯದರ್ಶಿ ಅಕ್ಕ ಒಂದು ಕ್ಷಣ ಸುಮ್ಮನಾಗಿ, "ಸ್ವರಕ್ಷಣೆಯ ವಿಷಯವಾ?" ಎಂದು ಕೇಳಿದರು. ಅಲ್ಲ. ನಾನು ಮಾತಾಡುವುದು ಶೂಟಿಂಗ್ ಕ್ರೀಡೆಯ ಬಗ್ಗೆ, ಅದರಲ್ಲೂ ಹತ್ತು ಮೀಟರ್ ಏರ್ ಪಿಸ್ತೂಲಿನ ಬಗ್ಗೆ. ಇನ್ನೂ ನಿರ್ದಿಷ್ಟವಾಗಿ ಹೇಳಬೇಕೆಂದರೆ, ಆ ಪಿಸ್ತೂಲಿನ ಹಿಡಿಯ ಬಗ್ಗೆ. ನಾವು ರೇಂಜಿನಲ್ಲಿ ಅದನ್ನು ಗ್ರಿಪ್ ಎನ್ನುತ್ತೇವೆ.

ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ನಾವೆಲ್ಲ ಬಳೆ ಕೊಂಡವರೇ. ಅಂಗಡಿಯವನು ಮೊದಲು ಬಣ್ಣ ಕೇಳುವುದಿಲ್ಲ, ಸೈಜ್ ಕೇಳುತ್ತಾನೆ. ಎರಡು ನಾಲ್ಕೋ, ಎರಡು ಆರೋ, ಎರಡು ಎಂಟೋ? ನಮಗೆ ಗೊತ್ತಿಲ್ಲದಿದ್ದರೆ ಕೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ನೋಡಿ ಅವನೇ ಹೇಳುತ್ತಾನೆ. ಎರಡು ನಾಲ್ಕರ ಬಳೆ ಕೈಗೆ ಏರದಿದ್ದರೆ "ನಿಮ್ಮ ಕೈ ಸರಿಯಿಲ್ಲ" ಎಂದು ಯಾವ ಬಳೆಗಾರನೂ ಹೇಳಿಲ್ಲ. ಬೇರೆ ಬಳೆ ತೆಗೆಯುತ್ತಾನೆ, ಅಷ್ಟೆ. ಪಿಸ್ತೂಲಿನ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಹಿಡಿ ಕೈಗೆ ಹೊಂದದಿದ್ದರೆ ಕೈಯನ್ನೇ ದೂರುತ್ತಾರೆ. ಹೆಣ್ಣಿನ ಕೈಯಾದರೆ ಇನ್ನೂ ಬೇಗ ದೂರುತ್ತಾರೆ. ನನ್ನ ಇವತ್ತಿನ ಮಾತು ಇಷ್ಟೇ: ಮೊದಲು ಹಿಡಿಯನ್ನು ಕೈಗೆ ಹೊಂದಿಸಬೇಕು, ಆಮೇಲೆ ಕೈಯ ಬಗ್ಗೆ ತೀರ್ಪು ಕೊಡಬೇಕು.

ನಮ್ಮ ಊರಿನ ಹುಡುಗಿಯಿಂದಲೇ ಶುರು ಮಾಡುತ್ತೇನೆ. ಹೈದರಾಬಾದಿನ ಈಶಾ ಸಿಂಗ್ 2018ರಲ್ಲಿ ತಿರುವನಂತಪುರದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲ್ ಹಿರಿಯರ ವಿಭಾಗವನ್ನು ಗೆದ್ದಾಗ ಅವಳಿಗೆ ಹದಿಮೂರು ವರ್ಷ. ಅದೇ ಸ್ಪರ್ಧೆಯಲ್ಲಿ ಮನು ಭಾಕರ್ ಇದ್ದಳು, ಹೀನಾ ಸಿಧು ಇದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಈಶಾ ಒಂದು ಚಿನ್ನ, ಮೂರು ಬೆಳ್ಳಿ ತಂದಳು. ನಮ್ಮ ಕರ್ನಾಟಕದ್ದೂ ಹೇಳಬೇಕಲ್ಲ. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ನಮ್ಮಂಥ ಐಟಿ ಮಂದಿಗೆ ಹೆಮ್ಮೆ ಎನಿಸುವ ಇನ್ನೊಂದು ಹೆಸರು ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದ್ದವರು ಊರಿಗೆ ಮರಳಿ ಪಿಸ್ತೂಲ್ ಹಿಡಿದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ಹದಿಮೂರು ವರ್ಷದ ಹುಡುಗಿಯ ಕೈ ಎಷ್ಟು ದೊಡ್ಡದಿರಲು ಸಾಧ್ಯ? ಆ ಕೈಯಿಂದ ದೇಶ ಗೆಲ್ಲಬಹುದಾದರೆ, ಈ ಆಟಕ್ಕೆ ಕೈ ದೊಡ್ಡದಿರಬೇಕು ಎಂಬ ಮಾತು ಅಲ್ಲಿಗೇ ಬಿತ್ತು.

ಈಗ ಆಟ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಸುಮಾರು ಒಂದು ಕಿಲೋ ತೂಕದ ಪಿಸ್ತೂಲನ್ನು ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿಯಬೇಕು. ಇನ್ನೊಂದು ಕೈ ಜೇಬಿನಲ್ಲೋ ಸೊಂಟದಲ್ಲೋ ಇರುತ್ತದೆ. ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಗುಂಡು. ಮೊದಲು ಮಹಿಳೆಯರಿಗೆ ನಲವತ್ತೇ ಇತ್ತು, 2018ರಿಂದ ಎಲ್ಲರಿಗೂ ಅರವತ್ತು. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ನಮ್ಮ ಹಣೆಯ ದೊಡ್ಡ ಬಿಂದಿಯಷ್ಟು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪಿಸ್ತೂಲಿನ ಮೇಲೆ ಹಿಂದೊಂದು ಕಂಡಿ, ಮುಂದೊಂದು ಕಡ್ಡಿ ಇರುತ್ತದೆ. ಕಂಡಿಯ ನಡುವೆ ಕಡ್ಡಿ ಕಾಣುವಂತೆ ಜೋಡಿಸಿ ಗುರಿ ಹಿಡಿಯಬೇಕು. ಎರಡರ ನಡುವೆ 350 ಮಿಲಿಮೀಟರ್ ಅಂತರವಿದೆ ಎಂದುಕೊಳ್ಳಿ. ಟ್ರಿಗರ್ ಒತ್ತುವಾಗ ಮುಂದಿನ ಕಡ್ಡಿ 0.2 ಮಿಲಿಮೀಟರ್, ಅಂದರೆ ಎರಡು ಹಾಳೆಯ ದಪ್ಪದಷ್ಟು ಪಕ್ಕಕ್ಕೆ ಸರಿದರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 5.7 ಮಿಲಿಮೀಟರ್ ಸರಿಯುತ್ತದೆ. ನಡುವಿನಿಂದ ಹತ್ತರ ವೃತ್ತದ ಅಂಚಿಗೆ ಇರುವ ದೂರವೂ ಅಷ್ಟೇ. ಹೀಗಿರುವಾಗ ಹಿಡಿ ಕೈಯಲ್ಲಿ ಕೂದಲೆಳೆಯಷ್ಟು ಜಾರಿದರೂ ಅಂಕ ಹೋಗುತ್ತದೆ. ಹಿಡಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ನಾನು ಕಲಿಯಲು ಸೇರಿದ ಕ್ಲಬ್ಬಿನಲ್ಲಿ ಹೊಸಬರಿಗೆ ಕೊಡುತ್ತಿದ್ದ ಪಿಸ್ತೂಲುಗಳಿಗೆಲ್ಲ ಬಲಗೈಯ ಮೀಡಿಯಂ ಗ್ರಿಪ್ ಇತ್ತು. ಎಲ್ಲರಿಗೂ ಅದೇ. ನನ್ನ ತೋರುಬೆರಳ ತುದಿ ಮಾತ್ರ ಟ್ರಿಗರನ್ನು ಮುಟ್ಟುತ್ತಿತ್ತು. ತುದಿಯಿಂದ ಒತ್ತಿದರೆ ಟ್ರಿಗರ್ ನೇರ ಹಿಂದಕ್ಕೆ ಬರುವುದಿಲ್ಲ, ಪಿಸ್ತೂಲನ್ನು ಎಡಕ್ಕೆ ತಳ್ಳುತ್ತದೆ. ನನ್ನ ಗುಂಡುಗಳೆಲ್ಲ ಎಡಗಡೆ ಏಳು, ಎಂಟರಲ್ಲಿ ಗುಂಪಾಗಿ ಬೀಳುತ್ತಿದ್ದವು. ಅದನ್ನು ನೋಡಿದ ಹಿರಿಯರೊಬ್ಬರು, "ಮೇಡಂ, ಲೇಡೀಸ್ ಕೈ ಮೃದು, ಬಲ ಸಾಲದು, ಡಂಬೆಲ್ಸ್ ಮಾಡಿ" ಎಂದರು. ಬಲ ಸಾಲದಿದ್ದರೆ ಗುಂಡು ಮೇಲೆ ಕೆಳಗೆ ಚೆಲ್ಲಾಪಿಲ್ಲಿ ಆಗಬೇಕಿತ್ತು. ಒಂದೇ ಕಡೆ ಗುಂಪಾಗಿ ಬೀಳುತ್ತಿದೆ ಎಂದರೆ ಕೈ ಸ್ಥಿರವಾಗಿದೆ, ಬೇರೇನೋ ತಪ್ಪಿದೆ ಎಂದು ಅರ್ಥ. ಆಫೀಸಿನಲ್ಲಿ ನಾವು ದಿನವೂ ಇದನ್ನೇ ಮಾಡುತ್ತೇವಲ್ಲ, ಪ್ರತಿ ಸಲ ಒಂದೇ ರೀತಿಯ ತಪ್ಪು ಬಂದರೆ ಅದಕ್ಕೆ ಒಂದೇ ಕಾರಣ ಇರುತ್ತದೆ. ಸ್ಮಾಲ್ ಗ್ರಿಪ್ ತರಿಸಿ ಹಾಕಿದ ಮೇಲೆ ಗುಂಪು ನಡುವಿಗೆ ಬಂತು. ಡಂಬೆಲ್ಸ್ ಕೂಡ ಮಾಡಿದೆ, ಅದು ಬೇರೆ ಮಾತು.

ನನ್ನ ಜೊತೆಗೇ ಸೇರಿದ್ದ ಕಾಲೇಜು ಹುಡುಗಿಯೊಬ್ಬಳಿದ್ದಳು. ನನಗಿಂತ ಸಣ್ಣ ಕೈ, ನನಗಿಂತ ಸ್ಥಿರವಾದ ಕೈ. ಗ್ರಿಪ್ ಬರುವ ಮೊದಲೇ, "ಅಕ್ಕಾ, ಇದು ನನ್ನ ಕೈಲಾಗುವ ಕೆಲಸ ಅಲ್ಲ" ಎಂದು ಬಿಟ್ಟು ಹೋದಳು. ಅವಳ ಕೈಲಾಗುತ್ತಿತ್ತು. ಒಂದು ಮರದ ತುಂಡಿನ ಅಳತೆ ತಪ್ಪಿದ್ದಕ್ಕೆ ಒಬ್ಬ ಆಟಗಾರ್ತಿ ಹೋದಳು. ಈ ವಿಷಯ ನಿಮ್ಮ ಮುಂದೆ ತರಬೇಕು ಅನಿಸಿದ್ದಕ್ಕೆ ಅವಳೇ ಕಾರಣ.

ಹಾಗಾದರೆ ಹಿಡಿ ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ನಿಮ್ಮ ಮಗಳೋ ಸೊಸೆಯೋ ನಾಳೆ ರೇಂಜಿಗೆ ಹೋದರೆ ನೀವೇ ನೋಡಿ ಹೇಳಬಹುದು. ಪಿಸ್ತೂಲ್ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಬಾಯಿ ಗುರಿಯ ಕಡೆಗೇ ಇಟ್ಟುಕೊಂಡು, ನಾಲ್ಕು ಜಾಗ ನೋಡಬೇಕು.

ಮೊದಲನೆಯದು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವಲು. ಅದು ಗ್ರಿಪ್ಪಿನ ಹಿಂಭಾಗದಲ್ಲಿ ಎಷ್ಟು ಮೇಲೆ ಸಾಧ್ಯವೋ ಅಷ್ಟು ಮೇಲೆ, ಸಂದು ಬಿಡದೆ ಕೂರಬೇಕು. ಮೇಲಿನಿಂದ ನೋಡಿದರೆ ಪಿಸ್ತೂಲಿನ ನಳಿಗೆ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು. ಗ್ರಿಪ್ ದಪ್ಪವಾದರೆ ಬೆರಳು ಎಟುಕಿಸಲು ನಾವು ಕೈಯನ್ನು ಪಕ್ಕಕ್ಕೆ ತಿರುಗಿಸುತ್ತೇವೆ, ಆ ಗೆರೆ ಮುರಿಯುತ್ತದೆ.

ಎರಡನೆಯದು, ತೋರುಬೆರಳು. ಮೊದಲ ಗೆಣ್ಣಿನ ಮೆತ್ತನೆಯ ನಡುಭಾಗ ಟ್ರಿಗರಿನ ಮೇಲೆ ಕೂರಬೇಕು. ಬೆರಳ ಬುಡ ಮರಕ್ಕೆ ತಾಗಬಾರದು, ನಡುವೆ ಸ್ವಲ್ಪ ಗಾಳಿ ಆಡಬೇಕು. ತಾಗಿದರೆ ಬೆರಳು ಅಲುಗಿದಾಗ ಪಿಸ್ತೂಲೂ ಅಲುಗುತ್ತದೆ. ಒಳ್ಳೆಯ ಪಿಸ್ತೂಲುಗಳಲ್ಲಿ ಟ್ರಿಗರನ್ನೇ ಹಿಂದೆ ಮುಂದೆ ಸರಿಸಬಹುದು, ಸ್ವಲ್ಪ ಓರೆ ಮಾಡಬಹುದು. ಗ್ರಿಪ್ ಬದಲಿಸುವ ಮೊದಲು ಆ ಸ್ಕ್ರೂ ಸಡಿಲಿಸಿ ನೋಡಿ, ಅದಕ್ಕೆ ಖರ್ಚಿಲ್ಲ.

ಮೂರನೆಯದು, ಮಧ್ಯದ ಬೆರಳು ಮತ್ತು ಉಂಗುರ ಬೆರಳು. ಪಿಸ್ತೂಲನ್ನು ನಿಜವಾಗಿ ಹಿಡಿಯುವವು ಇವೆರಡು. ಕಿರುಬೆರಳು, ಹೆಬ್ಬೆರಳು ಸುಮ್ಮನೆ ಜೊತೆಗಿರಬೇಕು. ಗ್ರಿಪ್ ಚಿಕ್ಕದಾದರೆ ಬೆರಳ ತುದಿ ಸುತ್ತಿ ಬಂದು ಅಂಗೈಗೆ ಚುಚ್ಚುತ್ತದೆ, ದೊಡ್ಡದಾದರೆ ತುದಿ ಅರ್ಧಕ್ಕೇ ನಿಲ್ಲುತ್ತದೆ.

ನಾಲ್ಕನೆಯದು, ಕೆಳಗಿನ ಹಲಗೆ. ಅಂಗೈಯ ಕೆಳಅಂಚು ಅದರ ಮೇಲೆ ಆರಾಮವಾಗಿ ಕೂರಬೇಕು. ಇದನ್ನು ಮೇಲೆ ಕೆಳಗೆ ಸರಿಸಬಹುದು. ಬಹಳ ಜನ ಇದನ್ನು ಬಿಗಿಯಾಗಿ ಮೇಲಕ್ಕೆ ಒತ್ತಿಬಿಡುತ್ತಾರೆ. ಹತ್ತು ಗುಂಡಿಗೆ ಚೆನ್ನಾಗಿರುತ್ತದೆ, ನಲವತ್ತನೆಯ ಗುಂಡಿಗೆ ಕೈ ಜೋಮು ಹಿಡಿಯುತ್ತದೆ.

ಕೊನೆಗೆ ಒಂದು ಪರೀಕ್ಷೆ. ಗುರಿಯ ಕಡೆ ನಿಂತು ಕಣ್ಣು ಮುಚ್ಚಿ ಪಿಸ್ತೂಲ್ ಎತ್ತಿ, ಆಮೇಲೆ ಕಣ್ಣು ಬಿಡಿ. ಕಡ್ಡಿ ಕಂಡಿಯ ನಡುವೆ ತಾನಾಗಿಯೇ ಕಂಡರೆ ಗ್ರಿಪ್ ಹೊಂದಿದೆ. ಪ್ರತಿ ಸಲವೂ ಕಡ್ಡಿ ಒಂದು ಪಕ್ಕಕ್ಕೋ, ಮೇಲಕ್ಕೋ ಕಂಡರೆ ಗ್ರಿಪ್ಪಿನ ಓರೆ ನಿಮ್ಮ ಮಣಿಕಟ್ಟಿಗೆ ಸರಿಯಿಲ್ಲ. ಮಣಿಕಟ್ಟನ್ನು ಬಲವಂತವಾಗಿ ತಿರುಗಿಸಿ ಸರಿಮಾಡಿಕೊಳ್ಳಬಹುದು, ಆದರೆ ಅರವತ್ತು ಸಲ ಒಂದೇ ರೀತಿ ತಿರುಗಿಸಲು ಯಾರಿಂದಲೂ ಆಗುವುದಿಲ್ಲ. ದಿನವಿಡೀ ಕೀಬೋರ್ಡ್ ಕುಟ್ಟುವ ನಮ್ಮಂಥವರ ಮಣಿಕಟ್ಟಿಗಂತೂ ಅದು ನೋವಿಗೆ ದಾರಿ.

ಮೊರಿನಿ, ಸ್ಟೇಯರ್, ವಾಲ್ಥರ್, ಪಾರ್ದಿನಿಯಂಥ ತಯಾರಕರು ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಬೇರೆ ಬೇರೆ ಅಳತೆಯ ಗ್ರಿಪ್ ಮಾಡುತ್ತಾರೆ. ಎಡಗೈಯವರಿಗೆ ಬೇರೆ. ಒಬ್ಬರ ಸ್ಮಾಲ್ ಇನ್ನೊಬ್ಬರ ಮೀಡಿಯಂ ಆಗಿರಬಹುದು, ನಮ್ಮ ಕುರ್ತಿಗಳ ಹಾಗೆ. ಆದ್ದರಿಂದ ಅಕ್ಷರ ನೋಡಿ ಕೊಳ್ಳಬೇಡಿ, ಅಂಗೈ ಅಗಲ ಮತ್ತು ಮಧ್ಯದ ಬೆರಳ ತುದಿಯಿಂದ ಮಣಿಕಟ್ಟಿನವರೆಗಿನ ಉದ್ದ ಅಳೆದು ಆ ತಯಾರಕರ ಪಟ್ಟಿಗೆ ಹೋಲಿಸಿ. ಸಾಧ್ಯವಾದರೆ ರೇಂಜಿನಲ್ಲಿ ಬೇರೆಯವರ ಗ್ರಿಪ್ ಹಿಡಿದು ನೋಡಿ. ಜರ್ಮನಿಯ ರಿಂಕ್ ಅಂಥವರು ಕೈಯ ಅಳತೆ ಕಳಿಸಿದರೆ ಅದಕ್ಕೆ ತಕ್ಕಂತೆ ಕೆತ್ತಿಯೂ ಕೊಡುತ್ತಾರೆ.

ಹೊಸ ಗ್ರಿಪ್ ಕೊಳ್ಳಲು ದುಡ್ಡಿಲ್ಲದಿದ್ದರೆ? ಇದ್ದದ್ದನ್ನೇ ತಿದ್ದಬಹುದು. ಗ್ರಿಪ್ ಹೆಚ್ಚಾಗಿ ಆಕ್ರೋಟ್ ಮರದ್ದು. ಮೊದಲು ಅದನ್ನು ಪಿಸ್ತೂಲಿನಿಂದ ಬಿಚ್ಚಿ ಬೇರೆ ಮಾಡಿ. ಅಂಗೈಗೆ ಹಳೆಯ ಲಿಪ್‌ಸ್ಟಿಕ್ ತೆಳುವಾಗಿ ಹಚ್ಚಿ ಹಿಡಿದರೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ಮರದ ಮೇಲೆ ಗುರುತು ಬೀಳುತ್ತದೆ. ಉಬ್ಬಿರುವ ಕಡೆ ಮರಳುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ತಗ್ಗಿರುವ ಕಡೆ ಮರಕ್ಕೆ ತುಂಬುವ ಫಿಲ್ಲರ್, ಇಲ್ಲವೇ ಮನೆಯ ಪೈಪು ಸೋರಿದಾಗ ಹಚ್ಚುತ್ತೇವಲ್ಲ, ಎಂ-ಸೀಲ್, ಅಂಥ ಎಪಾಕ್ಸಿ ತುಂಬಬೇಕು. ಕೈಗೆ ತೆಳುವಾದ ಗ್ಲೌಸ್ ಹಾಕಿಕೊಂಡು, ಅದು ಗಟ್ಟಿಯಾಗುವ ಮೊದಲೇ ಹಿಡಿದರೆ ಬೆರಳ ಅಚ್ಚು ಮೂಡುತ್ತದೆ. ಎರಡು ಎಚ್ಚರಿಕೆ. ಉಜ್ಜಿದ ಮರ ಮತ್ತೆ ಬೆಳೆಯುವುದಿಲ್ಲ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಗುಂಡು ಹಾರಿಸಿ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮೂರು ಕಡೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು ಎಂದು ತಿಳಿಯುವುದೇ ಇಲ್ಲ.

ಇದಕ್ಕೆಲ್ಲ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವೂ ಇದೆ. ಹತ್ತು ಮೀಟರ್ ಏರ್ ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಮೀರಬಾರದು. 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಅದು ಹಿಡಿಸಬೇಕು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು. ಗ್ರಿಪ್ ಕೈಗೆ ಮಾತ್ರ ಆಸರೆ ಕೊಡಬಹುದು, ಮಣಿಕಟ್ಟಿಗೆ ಕೊಡಬಾರದು. ಮಣಿಕಟ್ಟು ಮುಕ್ತವಾಗಿರುವುದು ಕಣ್ಣಿಗೆ ಕಾಣಬೇಕು. ಪಿಸ್ತೂಲ್ ಹಿಡಿಯುವ ಕೈಗೆ ಗಡಿಯಾರ, ಪಟ್ಟಿ, ಬಳೆ ಯಾವುದೂ ಇರಕೂಡದು. ಲಾಡ್ ಬಜಾರಿನ ಬಳೆಗಳನ್ನು ಇನ್ನೊಂದು ಕೈಗೆ ಹಾಕಿಕೊಳ್ಳಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಜೊತೆಯ ಸಾಮಾನು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಎರಡು ಫೋಟೋ ನಮ್ಮೆಲ್ಲರ ವಾಟ್ಸಾಪಿಗೂ ಬಂದಿದ್ದವು. ಒಂದು, ಕೊರಿಯಾದ ಕಿಮ್ ಯೆಜಿ, ಕಣ್ಣಿಗೆ ಯಂತ್ರದಂಥ ಕನ್ನಡಕ, ಸೊಂಟದಲ್ಲಿ ಆನೆ ಬೊಂಬೆ. ಇನ್ನೊಂದು, ಟರ್ಕಿಯ ಯೂಸುಫ್ ಡಿಕೆಚ್, ಟೀ ಶರ್ಟು, ಮಾಮೂಲಿ ಕನ್ನಡಕ, ಜೇಬಿನಲ್ಲಿ ಕೈ. ಇಬ್ಬರೂ ಬೆಳ್ಳಿ ಗೆದ್ದರು. "ನೋಡಿ, ಏನೂ ಇಲ್ಲದೆ ಗೆದ್ದ" ಎಂದು ಜನ ಹೇಳಿದರು. ಏನೂ ಇಲ್ಲದೆ ಅಲ್ಲ. ಅವರ ಕೈಯಲ್ಲಿದ್ದದ್ದೂ ಅಂಗೈಗೆ ಕೂರುವಂತೆ ಕೆತ್ತಿದ ಹಿಡಿಯಿರುವ ಪಿಸ್ತೂಲೇ. ಕನ್ನಡಕ, ಕಣ್ಣುಪಟ್ಟಿ ಅವರವರ ಅನುಕೂಲ. ಹಿಡಿ ಮಾತ್ರ ಎಲ್ಲರಿಗೂ ಬೇಕು. ದುಡ್ಡು ಕಡಿಮೆಯಿದ್ದರೆ ಯಾವುದಕ್ಕೆ ಮೊದಲು ಹಾಕಬೇಕು ಎಂದು ಇದರಿಂದ ತಿಳಿಯುತ್ತದೆ.

ಗ್ರಿಪ್ ಆದ ಮೇಲೆ ನಾನು ಹೇಳುವುದು ಶೂ. ತಳ ಸಮತಟ್ಟಾಗಿರಬೇಕು, ಕಾಲಿನ ಹರಡಿನ ಗೆಣ್ಣು ಮುಚ್ಚಬಾರದು ಎಂದು ನಿಯಮ. ಅದಾದ ಮೇಲೆ ಕಣ್ಣುಪಟ್ಟಿ. ಒಂದು ಕಣ್ಣು ಮುಚ್ಚಿ ಗುರಿ ಹಿಡಿದರೆ ಮುಖ ಬಿಗಿಯುತ್ತದೆ, ಎರಡೂ ತೆರೆದಿದ್ದು ಒಂದರ ಮುಂದೆ 30 ಮಿಲಿಮೀಟರ್ ಅಗಲದ ತೆಳು ಪಟ್ಟಿ ಇದ್ದರೆ ಸಾಕು. ರಟ್ಟಿನಿಂದ ಮನೆಯಲ್ಲೇ ಮಾಡಬಹುದು. ಕಂಡಿಯ ಅಗಲವನ್ನೂ ಹೊಂದಿಸಬೇಕು. ತೋಳು ಗಿಡ್ಡವಿದ್ದರೆ ಕಂಡಿ ಕಣ್ಣಿಗೆ ಹತ್ತಿರ ಬರುತ್ತದೆ, ಕಡ್ಡಿಯ ಎರಡೂ ಪಕ್ಕದ ಬೆಳಕು ಅಗಲವಾಗಿ ಕಾಣುತ್ತದೆ. ಎತ್ತರದ ಹುಡುಗನಿಗೆ ಹೊಂದಿಸಿದ ಕಂಡಿ ನಮಗೆ ಸಡಿಲ. ಸ್ಕ್ರೂ ತಿರುಗಿಸಿದರೆ ಆಯಿತು, ಯಾರಾದರೂ ಹೇಳಿಕೊಡಬೇಕು ಅಷ್ಟೆ.

ಸಾಮಾನು ಎಷ್ಟು ಮುಖ್ಯ ಎನ್ನುವುದಕ್ಕೆ ಮನು ಭಾಕರ್ ಸಾಕ್ಷಿ. 2021ರಲ್ಲಿ ಟೋಕಿಯೋದಲ್ಲಿ ಅರ್ಹತಾ ಸುತ್ತಿನ ನಡುವೆ ಅವಳ ಪಿಸ್ತೂಲ್ ಕೆಟ್ಟಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಬೆಲೆಬಾಳುವ ನಿಮಿಷಗಳು ಹೋಗಿದ್ದವು. 575 ಅಂಕ ಬಂತು, ಫೈನಲ್ ಎರಡು ಅಂಕದಲ್ಲಿ ತಪ್ಪಿತು. ಒತ್ತಡ ತಡೆಯಲಾಗಲಿಲ್ಲ ಎಂದು ಎಷ್ಟು ಜನ ಬರೆದರು! ಅದೇ ಹುಡುಗಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದಳು.

ಒಂದು ಮಾತು "ಲೇಡೀಸ್ ಗನ್" ಬಗ್ಗೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ನಿರ್ಭೀಕ್ ಎಂಬ ರಿವಾಲ್ವರ್ ಬಂತು. ಸುಮಾರು ಅರ್ಧ ಕಿಲೋ ತೂಕ, ಬೆಲೆ ಲಕ್ಷಕ್ಕೂ ಮೇಲೆ, ಮಹಿಳೆಯರಿಗಾಗಿ ಎಂದು ಪ್ರಚಾರ. ಬಂದೂಕು ಸುರಕ್ಷತೆ ಕೊಡುತ್ತದೆಯೇ ಎಂಬ ಚರ್ಚೆ ಆಗಲೇ ಬೇಕಾದಷ್ಟು ಆಗಿದೆ, ನಾನು ಅದಕ್ಕೆ ಹೋಗುವುದಿಲ್ಲ. ತಾಂತ್ರಿಕವಾಗಿ ಒಂದೇ ಪ್ರಶ್ನೆ: ಹಗುರ ಎಂದರೆ ಹೊಂದುತ್ತದೆ ಎಂದು ಅರ್ಥವೇ? ಅದೇ ಗುಂಡನ್ನು ಹಗುರವಾದ ಬಂದೂಕಿನಿಂದ ಹಾರಿಸಿದರೆ ಅದು ಕೈಗೆ ಹೆಚ್ಚು ಒದೆಯುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. "ಹೆಂಗಸರಿಗೆ" ಎಂದರೆ ಚಿಕ್ಕದು, ಹಗುರ, ಗುಲಾಬಿ ಬಣ್ಣ ಎಂದುಕೊಳ್ಳುವುದು ಸುಲಭ. ಹೆಂಗಸರ ಕೈ ಎಂಬುದೊಂದು ಕೈ ಇಲ್ಲ. ಈ ಸಭೆಯಲ್ಲೇ ಎರಡು ನಾಲ್ಕರಿಂದ ಎರಡು ಹತ್ತರವರೆಗೆ ಕೈಗಳಿವೆ.

ಈಗ ಕಾಯಿದೆ ಮತ್ತು ಎಚ್ಚರಿಕೆ. 2016ರ ಆಯುಧ ನಿಯಮಗಳ ಪ್ರಕಾರ, ಶಕ್ತಿ 20 ಜೂಲ್ ಮೀರದ, 4.5 ಮಿಲಿಮೀಟರ್ ಅಂದರೆ .177 ಅಳತೆಯ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮದ್ದುಗುಂಡಿನ ಪಿಸ್ತೂಲಿಗೆ ಬೇಕೇ ಬೇಕು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಆಟಿಕೆ ಅಲ್ಲ, ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಕೀಲಿ ಮಕ್ಕಳ ಕೈಗೆ ಸಿಗಬಾರದು. ಪೆಲೆಟ್ಟುಗಳು ಸೀಸದವು. ಅಭ್ಯಾಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಬಸುರಿಯರು ವೈದ್ಯರನ್ನು ಕೇಳದೆ ರೇಂಜಿಗೆ ಹೋಗಬೇಡಿ.

ಮೊದಲ ದಿನವೇ ಪಿಸ್ತೂಲ್ ಕೊಳ್ಳಬೇಡಿ. ಒಳ್ಳೆಯ ಆಮದು ಪಿಸ್ತೂಲಿಗೆ ಲಕ್ಷದ ಮೇಲಾಗುತ್ತದೆ. ನಮ್ಮ ಊರಿನಲ್ಲಿ ಸೆಂಟ್ರಲ್ ಯೂನಿವರ್ಸಿಟಿ ಆವರಣದಲ್ಲಿ ರೇಂಜ್ ಇದೆ, ಬೇರೆ ಕ್ಲಬ್ಬುಗಳೂ ಇವೆ. ಕೆಲವು ತಿಂಗಳು ಅವರ ಪಿಸ್ತೂಲಿನಲ್ಲೇ ಕಲಿಯಿರಿ. ಆದರೆ ಸೇರುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ: "ನಿಮ್ಮಲ್ಲಿ ಸ್ಮಾಲ್ ಗ್ರಿಪ್ ಇದೆಯಾ? ಎಡಗೈಯದ್ದು ಇದೆಯಾ?" ಹತ್ತು ಜನ ಹೆಣ್ಣುಮಕ್ಕಳು ಕೇಳಿದರೆ ಹನ್ನೊಂದನೆಯವಳು ಬರುವ ಹೊತ್ತಿಗೆ ಅದು ಅಲ್ಲಿರುತ್ತದೆ.

ನಮ್ಮ ಸಭೆಗಳಲ್ಲಿ ಒನಕೆ ಓಬವ್ವನ ಹೆಸರು ಬರದ ವರ್ಷವಿಲ್ಲ. ಅವಳ ಧೈರ್ಯವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅವಳ ಒನಕೆಯೂ ನೆನಪಾಗುತ್ತದೆ. ಆ ಹೊತ್ತಿನಲ್ಲಿ ಅವಳು ಗಂಡನ ಕತ್ತಿ ಹುಡುಕಲಿಲ್ಲ. ದಿನವೂ ಕುಟ್ಟಿ ಕೈಗೆ ಪಳಗಿದ್ದನ್ನೇ ಎತ್ತಿಕೊಂಡಳು. ಧೈರ್ಯಕ್ಕೂ ಕೈಗೆ ಹೊಂದುವ ಹಿಡಿ ಬೇಕು.

ಬಿಟ್ಟು ಹೋದ ಆ ಹುಡುಗಿಯ ಹಾಗೆ ನಿಮ್ಮ ಮನೆಯಲ್ಲಿ ಯಾರಾದರೂ "ಇದು ನನ್ನ ಕೈಲಾಗಲ್ಲ" ಎಂದರೆ, ಅದು ಪಿಸ್ತೂಲೇ ಆಗಲಿ, ಸ್ಕೂಟರೇ ಆಗಲಿ, ಡ್ರಿಲ್ಲಿಂಗ್ ಮೆಷೀನೇ ಆಗಲಿ, ಹೌದು ಎನ್ನುವ ಮೊದಲು ಒಂದು ಸಲ ಅದರ ಹಿಡಿಯನ್ನು ನೋಡಿ.